ಹಳೇ ಸೀಲು

ಟ್ರ್ಯಾಕ್ಟರಿನ ಮುಂದೆ ಎತ್ತಿ ನಿಲ್ಲಿಸಿದ್ದ ಲೋಡರಿನ ಬಕೆಟ್ ಕೆಳಗಿಳಿದು ಅವಳ ಗಂಡ ಅದರಡಿ ಸಿಕ್ಕಿ ಸತ್ತಿದ್ದ. ದೆವ್ವವೇ ಇಳಿಸಿತೆಂದು ಊರವರು ಆ ಟ್ರ್ಯಾಕ್ಟರಿನ ಬಳಿ ಸುಳಿಯುತ್ತಿರಲಿಲ್ಲ. ಕೊನೆಗೆ ಅವಳೇ ಮೇಸ್ತ್ರಿಯನ್ನು ಕರೆಸಿದಳು.

ಮೇಸ್ತ್ರಿ ಬಕೆಟ್ ಎತ್ತಿ, ಎಂಜಿನ್ ಆರಿಸಿ, ಸಿಲಿಂಡರಿನ ರಾಡಿಗೆ ಸೀಮೆಸುಣ್ಣದ ಗೆರೆ ಎಳೆದು ಬೇವಿನ ನೆರಳಿಗೆ ಬಂದು ಕೂತ. ಚಹಾ ಕುಡಿದ, ಎಲೆಅಡಿಕೆ ಹಾಕಿಕೊಂಡ. ನೆರಳು ಸರಿದು ಮೈಮೇಲೆ ಬಿಸಿಲು ಬಿದ್ದರೂ ಗೆರೆ ಇದ್ದಲ್ಲೇ ಇತ್ತು, ಬಕೆಟ್ ಕೂದಲಿನಷ್ಟೂ ಇಳಿದಿರಲಿಲ್ಲ.

"ಒಳಗಿನ ರಬ್ಬರ್ ಸೀಲು ಗಟ್ಟಿ ಐತಿ, ಅಕ್ಕಾ. ಎಣ್ಣಿ ಎಲ್ಲೂ ಸೋರಂಗಿಲ್ಲ. ಇದು ತಾನಾಗೇ ಇಳಿಯೂ ಗಾಡಿ ಅಲ್ಲ."

"ಮತ್ತ ದೆವ್ವ ಅಂತಾರಲ್ಲ?"

"ದೆವ್ವಕ್ಕ ಸೀಟಿನ ಬಲಗಡಿ ಲಿವರ್ ಒತ್ತಾಕ ಬರ್ತೈತೇನು? ಯಾರದರ ಕೈ ತಾಗಿರಬೇಕು," ಎಂದು ಅವನು ನಕ್ಕ.

ಅವಳು ನಗಲಿಲ್ಲ. ಮನೆಯ ಮುಚ್ಚಿದ ಬಾಗಿಲತ್ತ ನೋಡಿ ದನಿ ತಗ್ಗಿಸಿದಳು.

"ಅಣ್ಣಾ, ರಿಪೇರಿ ಮಾಡಿದ ಮ್ಯಾಲೆ ಕೆಟ್ಟ ಸೀಲು ಮಾಲಕರ ಕೈಯಾಗ ಕೊಡ್ತೀಯಲ್ಲ?"

"ಕೊಡ್ತೀನಿ. ಆದ್ರ ಇದು ಕೆಟ್ಟಿಲ್ಲಲ್ಲ."

"ಬಿಚ್ಚು. ಹರಿದು ಕೊಡು, ಮಗನಿಗೆ ತೋರಿಸ್ಬೇಕು. ಅವತ್ತು ಸೀಟಿನ ಮ್ಯಾಲೆ ಕುಂತಿದ್ದಂವ, ಅವತ್ತಿನಿಂದ ಎಡಗೈಲೆ ಉಣ್ಣಾಕತ್ತಾನ."