ಅವಧಿ ಮೀರಿದ ಫಕೀರವ್ವ

ರಕ್ತದ ಹಾರ್ಮೋನ್ ಪರೀಕ್ಷೆ ಮಾಡಿ ಬರೆದುಕೊಟ್ಟ ಸಾವಿನ ದಿನಕ್ಕೆ ಸರಿಯಾಗಿ ಸಾಯಲಿಲ್ಲವೆಂದು ಜಿಲ್ಲಾಸ್ಪತ್ರೆಯವರು ಫಕೀರವ್ವನ ಡಯಾಲಿಸಿಸ್ ಹಾಸಿಗೆಯನ್ನು ರದ್ದುಮಾಡಿದರು.

ಅವಧಿ ಮುಗಿದು ನಾಲ್ಕು ದಿನವಾಗಿತ್ತು. ಹೆಸರು ಮೃತರ ಪಟ್ಟಿ ಸೇರಿತ್ತು. ಆದರೂ ಮಂಗಳವಾರ ಆಕೆ ಎಂದಿನಂತೆ ಬಸ್ಸಿಳಿದು ಬಂದು, ಚಪ್ಪಲಿ ಬಿಟ್ಟು, ತೂಕದ ಯಂತ್ರ ಹತ್ತಿದಳು.

ನರ್ಸ್ ಸುನಂದಾ ಬಗ್ಗಿ ನೋಡಿದಳು. "ಮೂರು ಕಿಲೋ ಏರೀರಲ್ಲ ಅಜ್ಜಿ! ನೀರು ಕಡಿಮಿ ಕುಡೀರಿ ಅಂದಿದ್ನಿ."

"ಸತ್ತಾಕಿಗೆ ಬಾಯಾರಿಕಿ ಜಾಸ್ತಿ ನನ್ನವ್ವಾ. ಕಾಲು ಬಾತಾವು, ಉಸಿರು ಕಟ್ಟತೈತಿ. ಇವತ್ತು ಸೂಜಿ ಹಾಕಲಿಲ್ಲಂದ್ರ ನಿಮ್ಮ ಪರೀಕ್ಷಿ ಹೇಳಿದ್ದು ಖರೇ ಆಗತೈತಿ ನೋಡು."

ಸುನಂದಾ ಆಕೆಯನ್ನು ಹಾಸಿಗೆಯ ಮೇಲೆ ಮಲಗಿಸಿ ಸೂಜಿ ಚುಚ್ಚಿದಳು. ರಕ್ತ ಕೊಳವೆಯಲ್ಲಿ ಹರಿಯತೊಡಗಿದಾಗಲೇ ವೈದ್ಯಾಧಿಕಾರಿ ಒಳಗೆ ಬಂದರು.

"ಸಿಸ್ಟರ್, ದಾಖಲೆಯೊಳಗ ಈಕಿ ತೀರಿಕೊಂಡಾಳ. ಸೂಜಿ ತಗದು ಹೊರಗ ಕಳಸ್ರಿ."

"ಹೌದ್ರೀ ಸಾಹೇಬ್ರ, ಆದ್ರ ಅಳಾಕ ಒಬ್ರೂ ಬರಲಿಲ್ಲ ನೋಡ್ರಿ" ಎಂದಳು ಫಕೀರವ್ವ.

"ಸಿಸ್ಟರ್, ಎಬ್ಬಸ್ರಿ ಆಕಿನ್ನ!"

ಸುನಂದಾ ಡಯಾಲಿಸಿಸ್ ಯಂತ್ರದಲ್ಲಿ ನಾಲ್ಕು ತಾಸಿನ ಸಮಯ ಒತ್ತಿದಳು.

"ಆಗಂಗಿಲ್ರೀ ಸರ್. ಬದುಕಿದಾಕಿ ಅಂದ್ರ ನಾಲ್ಕು ತಾಸು ಎಬ್ಬಸಂಗಿಲ್ಲ. ಸತ್ತಾಕಿ ಅಂದ್ರ, ಹೆಣ ಎತ್ತೋದು ನನ್ನ ಕೆಲಸ ಅಲ್ಲ."