ಬಿಗಿದ ಮುಚ್ಚಳ

ಕುಡಿತದ ಮನೆಯಲ್ಲಿ ಮಗಳು ಮೇಧಾ ಒಂದು ದಿನವೂ ಇರುವಂತೆ ಮಾಡುವುದಿಲ್ಲ ಎಂದು ಪರಿಮಳಾ ಗಂಡನಿಗೆ ಮಾತು ಕೊಟ್ಟಿದ್ದಳು. ಆಗ ಅವನು ಹಾಸಿಗೆ ಹಿಡಿದಿದ್ದ. ಮಗಳಿಗೆ ಹತ್ತು ವರ್ಷ. ಅವನು ತನ್ನ ಅಪ್ಪ ಕುಡಿದು ಮನೆಯ ಪಾತ್ರೆಪಗಡವನ್ನೆಲ್ಲ ಮಾರಿದ್ದನ್ನು ಕಂಡು ಬೆಳೆದವನು. ಸಾಯುವಾಗ ಬೇರೇನನ್ನೂ ಕೇಳಲಿಲ್ಲ.

ಈಗ ಮೇಧಾಳಿಗೆ ಇಪ್ಪತ್ತೆರಡು. ಯಲ್ಲಾಪುರದ ಮಾದೇವ ಭಟ್ಟರ ಮಗ ನಂದನನ ಜಾತಕ ಕೂಡಿಬಂದಿತ್ತು. ಇಬ್ಬರೂ ಒಪ್ಪಿದ್ದರು, ಮೇಧಾ ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಹೆಚ್ಚಾಗಿತ್ತು. ಉಳಿದದ್ದು ಹುಡುಗನ ಮನೆ ನೋಡುವುದೊಂದೇ. ಹೊಲಿಗೆ ಮಷಿನ್ನಿಗೆ ಬಟ್ಟೆ ಹೊದೆಸಿ, ಪರಿಮಳಾ ತಮ್ಮ ಗೋವಿಂದನ ಜೊತೆ ಶಿರಸಿಯಿಂದ ಬಸ್ಸು ಹತ್ತಿದಳು.

ಭಾವ ತೀರಿಕೊಂಡ ತಿಂಗಳಲ್ಲೇ ಅಕ್ಕನಿಗೆ ಆಸರೆಯಾಗಿ ಬಂದು ಮನೆಯಲ್ಲೇ ಉಳಿದವನು ಗೋವಿಂದ. ಪೇಟೆಯಲ್ಲಿ ಹಳೆಯ ಹಿತ್ತಾಳೆ, ತಾಮ್ರ, ಬೆಳ್ಳಿ ಸಾಮಾನು ಕೊಳ್ಳುತ್ತಿದ್ದ. ತಿಂಗಳಿಗೊಮ್ಮೆ ಗೋವಾಕ್ಕೆ ಹೋಗಿ ಹೋಟೆಲಿನವರಿಗೆ ಮಾರಿ ಬರುತ್ತಿದ್ದ. ಒಂದು ಪಾತ್ರೆ ಕೈಗೆ ಕೊಟ್ಟರೆ ಆ ಮನೆಯ ಗುಟ್ಟೆಲ್ಲ ಹೇಳುತ್ತಾನೆ ಎಂದು ಪೇಟೆಯಲ್ಲಿ ಹೆಸರು. ಪರಿಮಳಾ ಅವನನ್ನು ಕರೆತಂದದ್ದೂ ಅದಕ್ಕೇ.

ದಾರಿಯುದ್ದಕ್ಕೂ ಅವನು ಏಲಕ್ಕಿ ಅಗಿದ. ತಿರುವಿಗೆ ಹೊಟ್ಟೆ ತೊಳಸುತ್ತದಂತೆ.

ಭಟ್ಟರ ಮನೆಯ ಹೊರಕೋಣೆಯಲ್ಲಿ ಗಾಜಿನ ಕಪಾಟು. ಅದರಲ್ಲಿ ಗಣಪತಿಯ ಮೂರ್ತಿ ಒಂದು ಮೂಲೆಗೆ ಸರಿದು ಕೂತಿತ್ತು. ನಡುವಿನ ಜಾಗದಲ್ಲಿ ಗೇಣುದ್ದಕ್ಕಿಂತ ಎತ್ತರದ ಒಂದು ಬಿಳಿ ಲೋಹದ ಪಾತ್ರೆ. ಹೆಗಲು ದುಂಡಗೆ, ನೆತ್ತಿಗೆ ಪುಟ್ಟ ಟೊಪ್ಪಿಗೆಯಂಥ ಮುಚ್ಚಳ. ದೇವರ ಪಾತ್ರೆಯಿರಬೇಕು ಎಂದುಕೊಂಡಳು ಪರಿಮಳಾ.

ಗೋವಿಂದ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ. ಆದರೂ ಎರಡು ಹನಿ ಪಂಚೆಗೆ ಬಿತ್ತು. ಅವನಿಗೂ ಅಂಜಿಕೆಯಾಗಿದೆ ಎಂದು ಅವಳು ಕಣ್ಣಲ್ಲೇ ಧೈರ್ಯ ಹೇಳಿದಳು. ಅವನು ಅವಳತ್ತ ಬಾಗಿದ.

"ಅಕ್ಕಾ, ಅದು ದೇವರ ಸಾಮಾನಲ್ಲ. ಸೆರೆ-ಸಾರಾಯಿ ಕಲಕೋ ಪಾತ್ರೆ. ಶೇಕರ್ ಹೇಳಿ ಅದರ ಹೆಸರು."

ಪರಿಮಳಾ ಲೋಟ ಕೆಳಗಿಟ್ಟಳು. ದೇವರನ್ನೇ ಮೂಲೆಗೆ ತಳ್ಳಿ ಇಟ್ಟಿದ್ದಾರೆ. ಮೇಧಾಳ ಮುಖ ಕಣ್ಣೆದುರು ಬಂತು.

ನಂದನನ ತಾಯಿ ಗಂಗಕ್ಕ ಅವರ ನೋಟವನ್ನೇ ಹಿಂಬಾಲಿಸಿದ್ದರು. "ಅದಾ? ಹಳೇ ಬಂಗ್ಲೆ ಸಾಮಾನು ಹರಾಜಾದಾಗ ಕುರ್ಚಿ ಜೊತಿಗೆ ಬಂದಿದ್ದು. ಎಂತದು ಹೇಳೇ ಗೊತ್ತಿಲ್ಲೆ. ಗೋವಿಂದ ಹೆಗಡೇರಿಗೆ ಹಳೇ ಸಾಮಾನಿನ ಪರೀಕ್ಷೆ ಗೊತ್ತಿದ್ದಡ. ನೋಡಿ ಹೇಳಿ."

ಭಟ್ಟರು ಏನೋ ಹೇಳಲು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಸುಮ್ಮನಾದರು. ಅದನ್ನೂ ಪರಿಮಳಾ ಕಂಡಳು. ಮುಚ್ಚಿಡುವುದು ಏನೋ ಇದೆ.

ಗೋವಿಂದ ಪಾತ್ರೆಯನ್ನು ಕೈಗೆ ತೆಗೆದುಕೊಂಡ. ಕೈ ನಡುಗುವುದು ನಿಂತಿತು. ಬುಡ ಮೇಲೆ ಮಾಡಿ ಬೆಳಕಿಗೆ ಹಿಡಿದ.

"ಇ.ಪಿ.ಎನ್.ಎಸ್. ಮುದ್ರೆ. ಬೆಳ್ಳಿ ಅಲ್ಲ, ಬೆಳ್ಳಿ ಗಿಲೀಟು. ಬ್ರಿಟಿಷರ ಕಾಲದ್ದು." ಅಂಚನ್ನು ಉಗುರಿನಿಂದ ಸವರಿದ. "ಬರೀ ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟಿದ್ರೆ ಮೈಯೆಲ್ಲ ಒಂದೇ ಸಮ ಸವೀತಿತ್ತು. ಇದು ಕೈ ಹಿಡಿಯೋ ಜಾಗದಲ್ಲಿ ಮಾತ್ರ ಸವೆದ್ದು. ಯಾರೋ ಚೊಲೋ ಬಳಸಿದ್ದ."

"ಯಾವಾಗ?" ಪರಿಮಳಾಳ ದನಿ ತಾನಾಗಿ ಎತ್ತರವಾಗಿತ್ತು.

"ಅದು ಒಳಗೆ ನೋಡಿದ್ರೆ ಗೊತ್ತಾಗ್ತು."

"ಮುಚ್ಚಳ ಜಪ್ಪಯ್ಯ ಅಂದ್ರೂ ಬತ್ತಿಲ್ಲೆ," ಎಂದರು ಗಂಗಕ್ಕ. "ನಂದನ ಬಿಸಿನೀರಲ್ಲಿ ಅದ್ದಿ ನೋಡಿದ. ಇವರು ಬಟ್ಟೆ ಸುತ್ತಿ ತಿರುಪಿದರು."

ಗೋವಿಂದ ನಕ್ಕ. ತಿರುಪುವ ಗೋಜಿಗೇ ಹೋಗಲಿಲ್ಲ. ಪಾತ್ರೆಯನ್ನು ಓರೆಯಾಗಿ ಹಿಡಿದು, ಸಂದಿನ ಮೇಲೆ ಅಂಗೈ ಬುಡದಿಂದ ಒಂದು ಏಟು ಕೊಟ್ಟ. ಟೊಕ್ ಎಂದು ಬಿಟ್ಟುಕೊಂಡಿತು.

ಒಳಗೆ ಮೂಸಿದ. ಬೆರಳು ಹಾಕಿ ತೆಗೆದ. ಬಿರುಕು ಬಿಟ್ಟ ಬಿರಟೆಯ ಚೂರು, ಹಸಿರು ಕಿಲುಬು; ಸೋಸುವ ಜಾಲರಿಯ ತೂತುಗಳೂ ಅದರಿಂದಲೇ ಕಟ್ಟಿದ್ದವು.

"ಮೂವತ್ತು ವರ್ಷದಿಂದ ಇದರೊಳಗೆ ಎಂತೂ ಬಿದ್ದಿದ್ದಿಲ್ಲೆ," ಎಂದ. ಅಕ್ಕನ ಕಡೆ ತಿರುಗಿ ತಲೆಯಾಡಿಸಿದ. ಅವಳ ಎದೆಯ ಮೇಲಿನ ಕಲ್ಲು ಜಾರಿತು.

"ಇದನ್ನ ಬಳಸೋದು ಹೆಂಗೆ?" ಗಂಗಕ್ಕ ಕೇಳಿದರು. "ಈ ಟೊಪ್ಪಿಗೆ ಎಂತಕ್ಕೆ?"

"ಅದೇ ಅಳತೆ." ಪಾತ್ರೆ ಸಿಕ್ಕ ಉತ್ಸಾಹದಲ್ಲಿ ಗೋವಿಂದನ ನಾಲಿಗೆ ಸಡಿಲಾಗಿತ್ತು. ತಂಬಿಗೆಯಿಂದ ಟೊಪ್ಪಿಗೆಗೆ ನೀರು ಹೊಯ್ದ. ಕಣ್ಣು ಗಂಗಕ್ಕನ ಮೇಲೆಯೇ ಇತ್ತು. ನೀರು ಅಂಚಿಗೆ ಕೂದಲೆಳೆಯಷ್ಟು ಕೆಳಗೆ ನಿಂತಿತು. ಒಳಗೆ ಸುರಿದು, ಮುಚ್ಚಿ, ನೆತ್ತಿಗೆ ಬೆರಳು ಒತ್ತಿ ಭುಜದ ಮೇಲೆ ಕುಲುಕಿ ತೋರಿಸಿದ. ಒಂದು ಹನಿ ಚೆಲ್ಲಲಿಲ್ಲ.

"ಮಜ್ಜಿಗೆ ಕಡೆಯೂಲೆ ಅಡ್ಡಿಲ್ಲೆ," ಎಂದ ನಂದನ. ಎಲ್ಲರೂ ನಕ್ಕರು. ಗಂಗಕ್ಕ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಮರಳುವಾಗ ಬಸ್ಸಿನಲ್ಲಿ ಪರಿಮಳಾ ಸೀರೆಗಳ ಮಾತಾಡಿದಳು.

ವಾರವಾದರೂ ಸುದ್ದಿ ಬರಲಿಲ್ಲ. ಅವಳೇ ಫೋನ್ ಮಾಡಿದಳು. "ಗಂಗಕ್ಕಾ, ನಮ್ಮ ಕಡೆಯಿಂದ ಒಪ್ಪಿಗೆ."

ಆ ಕಡೆ ಗಂಗಕ್ಕ ಬಾಗಿಲು ಮುಚ್ಚಿಕೊಂಡ ಸದ್ದು ಕೇಳಿತು.

"ನಿನ್ನ ಕೂಸಿನ ಮೇಲೆ ಎಂತೂ ದೂರಿಲ್ಲೆ, ಪರಿಮಳಾ. ಆದ್ರೆ ಆ ಪಾತ್ರೆ ಹರಾಜಿಂದಲ್ಲ. ಎನ್ನ ಅಪ್ಪಯ್ಯಂದು. ಅವತ್ತು ಬೆಳಗ್ಗೆ ಆನೇ ಕೈಯಾರೆ ಅಟ್ಟದಿಂದ ಇಳಿಸಿ ಇಟ್ಟಿದ್ದು. ನಿನ್ನ ತಮ್ಮನ ಬಗ್ಗೆ ಒಂದು ಮಾತು ಕಿವಿಗೆ ಬಿದ್ದಿತ್ತು. ಊರವರ ಮಾತು ಕೇಳಿ ಸಂಬಂಧ ಬಿಡೂಲೆ ಮನಸ್ಸು ಬರಲಿಲ್ಲೆ. ಮುದ್ರೆ ಓದಿದ್ದು ವ್ಯಾಪಾರದ ವಿದ್ಯೆ, ಒಪ್ಪಿದೆ. ಆದ್ರೆ ಆ ಮುಚ್ಚಳ ಹಂಗೆ ತೆಗೆಯೋದು, ನೋಡದೆ ಅಳತೆ ಹೊಯ್ಯೋದು... ಆ ಕೈ ಎಂಗೆ ಗೊತ್ತಿದ್ದು. ಕುಡಿದೇ ಹೋದ ಎನ್ನ ಅಪ್ಪಯ್ಯನ ಕೈ ಅದು."

ಪರಿಮಳಾ ಫೋನ್ ಇಟ್ಟಳು. ಒಳಕೋಣೆಯಲ್ಲಿ ಗೋವಿಂದ ಏಲಕ್ಕಿ ಕಚ್ಚಿ ಒಡೆಯುವ ಸದ್ದು. ಅವನು ಈ ಮನೆಗೆ ಬಂದ ದಿನದಿಂದ ಅವಳು ಕೇಳುತ್ತಿದ್ದ ಸದ್ದು.

ಗಂಡನಿಗೆ ಕೊಟ್ಟ ಮಾತು ಮುರಿದು ಹನ್ನೆರಡು ವರ್ಷವಾಗಿತ್ತು.