ಗಿಳಿಹಸಿರಿಗೆ ಬಂದ ಬಿಕ್ಕಳಿಕೆ

ಹಿರಿಯರ ಮುಂದೆ ಇದನ್ನು ಹೇಳಲು ಹೊರಟಿರುವುದೇ ಉದ್ಧಟತನ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮನಸ್ಸಿಗೆ ಒಪ್ಪದ್ದನ್ನು ಹೌದೆಂದವರಿಗೆ ಬಿಕ್ಕಳಿಕೆ ಬರತೊಡಗಿ ಒಂದು ತಲೆಮಾರೇ ಕಳೆದಿತ್ತು. ಉಸಿರು ಬಿಗಿಹಿಡಿದರೆ ತಡೆಯಬಹುದಿತ್ತು. ತಡೆಯಲಾಗದವರು "ಯಾರೋ ನೆನೆಸ್ಕೊಂಡ್ರು" ಎಂದು ನೀರು ಕುಡಿಯುತ್ತಿದ್ದರು.

ಭಜನಾ ಮಂಡಳಿಗೆ ಹೊಸದಾಗಿ ಸೇರಿದ್ದ ವನಮಾಲಾಗೆ ತಾನಿದ್ದ ಬಡಾವಣೆಯಲ್ಲಿ ಬೇರೆ ಸ್ನೇಹವೇ ಇರಲಿಲ್ಲ. ವಾರ್ಷಿಕೋತ್ಸವಕ್ಕೆ ಎಲ್ಲರೂ ಉಡಬೇಕಾದ ಸೀರೆಯನ್ನು ಅಧ್ಯಕ್ಷೆ ಸರ್ವಮಂಗಳಮ್ಮ ಹರಡಿದರು. ಕಣ್ಣು ಕುಕ್ಕುವ ಗಿಳಿಹಸಿರು, ಗುಲಾಬಿ ಅಂಚು.

"ಆಹಾ, ಎಷ್ಟು ಚೆಂದ!" ಎಂದ ಹೆಂಗಸರೆಲ್ಲ ಕೆನ್ನೆ ಉಬ್ಬಿಸಿಕೊಂಡು ಕೂತರು.

"ನೀನೇನಂತೀಯಮ್ಮಾ?" ಎಂದು ಸರ್ವಮಂಗಳಮ್ಮ ವನಮಾಲಾಳತ್ತ ತಿರುಗಿದರು.

"ತುಂಬಾ ಚೆನ್ನಾಗಿದೆ ಅಕ್ಕಾ... ಹಿಕ್!"

ಮಂಡಳಿಯ ಋಣ ಇಲ್ಲಿಗೆ ಹರಿಯಿತೆಂದು ವನಮಾಲಾ ಚೀಲ ಎತ್ತಿಕೊಂಡಳು.

"ಗಂಡ ನೆನೆಸ್ಕೊಂಡ್ರೇನೇ? ಪುಣ್ಯವಂತೆ!" ಎಂದು ಮಂಡಳಿಯ ಹಳೇ ಸದಸ್ಯೆ ಗಿರಿಜಕ್ಕ ನಕ್ಕರು. ನಕ್ಕಾಗ ಹಿಡಿದಿದ್ದ ಉಸಿರು ಜಾರಿತು. ಹಿಕ್! ಪಕ್ಕದವರೂ ನಕ್ಕು, ಹಿಕ್!

"ಏನ್ರೇ ಇದು? ನಂಗಂತೂ ಈ ಬಣ್ಣ ಅಂದ್ರೆ ಪ್ರಾಣ," ಎಂದು ಗದರಿದ ಸರ್ವಮಂಗಳಮ್ಮನವರಿಗೂ ಹಿಕ್!

ಒಂದೇ ಚೊಂಬು ಎಲ್ಲರ ಕೈ ದಾಟಿತು. ಗಿರಿಜಕ್ಕ ವನಮಾಲಾಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

ಸೀರೆ ಮಾತ್ರ ಸರ್ವಾನುಮತದಿಂದ ಗಿಳಿಹಸಿರೇ ಆಯಿತು. ಅದು ನಿಜವಾಗಿ ಬೇಕಾಗಿದ್ದದ್ದು ಯಾರಿಗೆ ಎಂಬುದು ಈವರೆಗೂ ಯಾರಿಗೂ ಗೊತ್ತಾಗಿಲ್ಲ.